ರಣಹದ್ದು ಬಾರದ ದಖ್ಮಾ

ಪ್ರಶ್ನೆ: ಪಾರ್ಸಿಗಳು ತಮ್ಮವರ ಹೆಣವನ್ನು ರಣಹದ್ದುಗಳಿಗೆ ಬಿಡುತ್ತಾರಂತೆ. ಹೆತ್ತವರನ್ನು ಹಾಗೆ ಬಿಟ್ಟು ಬರಲು ಮನಸ್ಸಾದರೂ ಹೇಗೆ ಬರುತ್ತದೆ? ಈಗ ಹದ್ದುಗಳೇ ಕಾಣಿಸುವುದಿಲ್ಲ, ಏನು ಮಾಡುತ್ತಾರೆ?

ಉತ್ತರ: ಅದರಲ್ಲಿ ನಿರ್ದಯ ಏನೂ ಇಲ್ಲ. ಪಾರ್ಸಿಗಳು ಜರತುಷ್ಟ್ರ ಧರ್ಮದವರು, ಅವರಿಗೆ ಬೆಂಕಿ, ನೀರು, ಮಣ್ಣು ಮೂರೂ ಪವಿತ್ರ. ಪ್ರಾಣ ಹೋದ ಕೂಡಲೇ ದೇಹಕ್ಕೆ ಮೈಲಿಗೆ ತಟ್ಟುತ್ತದೆ ಎಂದು ಅವರು ನಂಬುತ್ತಾರೆ. ತಾವು ಕೈಮುಗಿಯುವ ಬೆಂಕಿಗೆ ಅದನ್ನು ಹೇಗೆ ಹಾಕಿಯಾರು?

ನಾನು ಮುಂಬೈಯಲ್ಲಿದ್ದಾಗ ಜೊತೆಗೆ ಕೆಲಸ ಮಾಡುತ್ತಿದ್ದ ಪಾರ್ಸಿ ಹಿರಿಯರೊಬ್ಬರು ತೀರಿಕೊಂಡರು. ಮಲಬಾರ್ ಹಿಲ್‌ನಲ್ಲಿರುವ ಪಾರ್ಸಿಗಳ ಅಂತ್ಯಕ್ರಿಯೆಯ ಜಾಗ ಡುಂಗರ್‌ವಾಡಿಗೆ ಹೋಗಿದ್ದೆ. ಗುಡ್ಡದ ತುಂಬಾ ಮರಗಳು. ನಮ್ಮಂಥ ಬೇರೆ ಧರ್ಮದವರು ಪ್ರತ್ಯೇಕವಾಗಿ ಕೂರಬೇಕು, ಪ್ರಾರ್ಥನೆ ಶುರುವಾದ ಮೇಲೆ ಮುಖ ನೋಡುವಂತಿಲ್ಲ. ಕೊನೆಯ ಸಲ ನೋಡಲಾಗಲಿಲ್ಲ ಎಂದು ತುಂಬಾ ಸಂಕಟವಾಯಿತು. ಆದರೆ ಅವರ ಮನೆಯವರ ಶ್ರದ್ಧೆ ಕಂಡು ಮನಸ್ಸು ತುಂಬಿ ಬಂತು. ಬಿಳಿ ಬಟ್ಟೆ ಉಟ್ಟು, ಇಬ್ಬಿಬ್ಬರಾಗಿ, ನಡುವೆ ಒಂದು ಕರವಸ್ತ್ರ ಹಿಡಿದುಕೊಂಡು ಹೆಣದ ಹಿಂದೆ ನಡೆದರು. ಅದಕ್ಕೂ ಮೊದಲು ನಾಯಿಯೊಂದನ್ನು ಕರೆತಂದು ಹೆಣ ತೋರಿಸುತ್ತಾರೆ. ಇದಕ್ಕೆ ಸಗ್‌ದೀದ್ ಅಂತಾರೆ.

ದಖ್ಮಾ ಅಂದರೆ ಮೇಲೆ ಚಾವಣಿ ಇಲ್ಲದ, ಕಲ್ಲಿನ ದುಂಡು ಕಟ್ಟಡ. ಹೆಣ ಹೊರುವ ನಸ್ಸಸಾಲರ್‌ಗಳು ಮಾತ್ರ ಒಳಗೆ ಹೋಗುತ್ತಾರೆ. ಹೊರಸುತ್ತಿನಲ್ಲಿ ಗಂಡಸರ ಹೆಣ, ನಡುಸುತ್ತಿನಲ್ಲಿ ಹೆಂಗಸರದ್ದು, ಒಳಸುತ್ತಿನಲ್ಲಿ ಮಕ್ಕಳದ್ದು ಇಡುತ್ತಾರೆ. ಬಿಸಿಲಿಗೆ ಒಣಗಿದ ಮೂಳೆಗಳು ಕೊನೆಗೆ ನಡುವಿನ ಬಾವಿಗೆ ಸೇರುತ್ತವೆ. ಸಿರಿವಂತನದ್ದೂ ಬಡವನದ್ದೂ ಅಲ್ಲೇ. ಈ ಪದ್ಧತಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಮೂರನೇ ದಿನದ ಉಠಮ್ನಾ ಎಂಬ ಪ್ರಾರ್ಥನೆಯಲ್ಲಿ ಸತ್ತವರ ಹೆಸರಲ್ಲಿ ದಾನ ಘೋಷಿಸುತ್ತಾರೆ. ನಾಲ್ಕನೇ ಬೆಳಗಿಗೆ ಆತ್ಮ ಪರಲೋಕಕ್ಕೆ ಹೋಗುವ ಚಿನ್ವತ್ ಸೇತುವೆ ದಾಟುತ್ತದೆ ಎಂಬ ನಂಬಿಕೆ.

ಬೇರೆಯವರೂ ಸತ್ತವರನ್ನು ತಮ್ಮ ತಮ್ಮ ನಂಬಿಕೆಯಂತೆಯೇ ಕಳಿಸಿಕೊಡುತ್ತಾರೆ ಅಲ್ವಾ? ಮುಸಲ್ಮಾನರು ಮೀಯಿಸಿ, ಬಿಳಿ ಕಫನ್ ಸುತ್ತಿ ಬೇಗನೆ ಮಣ್ಣು ಮಾಡುತ್ತಾರೆ. ಲಿಂಗಾಯತರಲ್ಲಿ ಕುಳಿತ ಭಂಗಿಯಲ್ಲೇ ಸಮಾಧಿ. ಟಿಬೆಟ್‌ನವರೂ ರಣಹದ್ದಿಗೇ ಒಪ್ಪಿಸುತ್ತಾರೆ, ಆದರೆ ಅವರಿಗೆ ಅದು ಹಸಿದ ಜೀವಕ್ಕೆ ಕೊಡುವ ದಾನ.

ಇನ್ನು ಹದ್ದುಗಳ ವಿಷಯ. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಅವುಗಳನ್ನು ಬಲಿ ತೆಗೆದುಕೊಂಡಿತು. ಆ ಔಷಧಿ ಉಳಿದ ದನದ ಹೆಣ ತಿಂದ ಹದ್ದಿನ ಮೂತ್ರಪಿಂಡವೇ ಕೆಟ್ಟುಹೋಗುತ್ತದೆ. 1990ರ ದಶಕದಿಂದ ಈಚೆಗೆ ಕೆಲವು ಜಾತಿಗಳಲ್ಲಿ ಶೇ 95ಕ್ಕಿಂತ ಜಾಸ್ತಿ ಹದ್ದುಗಳು ಸತ್ತವು. ಸರ್ಕಾರ 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಡುಂಗರ್‌ವಾಡಿಯಲ್ಲಿ ಬಿಸಿಲನ್ನು ಹೆಣದ ಮೇಲೆ ಕೇಂದ್ರೀಕರಿಸುವ ಸಾಧನ ಹಾಕಿದರು. ಮಳೆಗಾಲದ ಮುಂಬೈಯಲ್ಲಿ ಬಿಸಿಲೆಲ್ಲಿ? ಹಾಗಾಗಿ ಕೆಲವರು ದಹನಕ್ಕೆ ಒಪ್ಪಿದರು. ಅಂಥವರಿಗೆ ಪ್ರಾರ್ಥನೆ ಮಾಡಲು ಕೆಲವು ಪುರೋಹಿತರು ಒಪ್ಪುತ್ತಿರಲಿಲ್ಲ. 2015ರಲ್ಲಿ ವರ್ಲಿಯ ಸ್ಮಶಾನದಲ್ಲಿ ಪ್ರಾರ್ಥನಾ ಮಂದಿರ ತೆರೆದ ಮೇಲೆ ಆ ಕುಟುಂಬಗಳಿಗೊಂದು ದಾರಿಯಾಯಿತು. ಸಂಪ್ರದಾಯಸ್ಥರು ಇನ್ನೂ ದಖ್ಮಾವನ್ನೇ ಹಿಡಿದಿದ್ದಾರೆ, ಅವರನ್ನು ಹಟಮಾರಿಗಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಇರಾನ್‌ನಲ್ಲಿ ಉಳಿದಿರುವ ಜರತುಷ್ಟ್ರರು ಮಾತ್ರ ದಖ್ಮಾ ಬಿಟ್ಟು ಎಷ್ಟೋ ದಶಕಗಳಾದವು. ಅಲ್ಲಿ ಹೂಳುತ್ತಾರೆ, ಹೆಣ ಮಣ್ಣಿಗೆ ತಾಗದ ಹಾಗೆ ಗುಂಡಿಗೆ ಸಿಮೆಂಟು ಹಾಕಿಸಿ.