ಸಂಸ್ಥೆ ಕಟ್ಟಬೇಕೆಂದಿದ್ದೇವೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಕಷ್ಟದಲ್ಲಿರುವ ಹೆಂಗಸರಿಗೂ ಹುಡುಗಿಯರಿಗೂ ನೆರವಾಗುವ ಒಂದು ಸಂಸ್ಥೆ ಕಟ್ಟಬೇಕು ಅಂತ ನಾನೂ ನನ್ನ ಇಬ್ಬರು ಗೆಳತಿಯರೂ ಹೊರಟಿದ್ದೇವೆ. ಹೆಸರು ಇಟ್ಟಾಗಿದೆ, ಲೋಗೋನೂ ರೆಡಿ. ಮನೆ ಬಿಟ್ಟು ಬಂದವರಿಗೆ ಆಶ್ರಯ, ಹುಡುಗಿಯರ ಓದು, ಹೊಲಿಗೆ ತರಬೇತಿ, ಕಾನೂನು ಸಲಹೆ, ಎಲ್ಲ ಮಾಡುವ ಆಸೆ. ಮೊದಲು ಏನು ಮಾಡಬೇಕು?

ಉತ್ತರ: ಲೋಗೋ ಸ್ವಲ್ಪ ದಿನ ಪಕ್ಕಕ್ಕಿಡಿ. ನಾಲ್ಕರಲ್ಲಿ ಒಂದೇ ಕೆಲಸ ಹಿಡಿಯಿರಿ. ಸದ್ಯಕ್ಕೆ ಆಶ್ರಯ ಮಾತ್ರ ಬೇಡ. ಹೊಲಿಗೆ ಕ್ಲಾಸು ಒಂದು ತಿಂಗಳು ನಿಂತರೆ ಬೇಸರ ಆಗುತ್ತದೆ ಅಷ್ಟೇ. ಆಶ್ರಯ ಅಂದರೆ ರಾತ್ರಿ ಎರಡು ಗಂಟೆಗೂ ಬಾಗಿಲು ತೆಗೆಯುವವರು ಬೇಕು, ವಿಳಾಸ ಗುಟ್ಟಾಗಿರಬೇಕು, ಹುಡುಕಿಕೊಂಡು ಬರುವ ಗಂಡನನ್ನು ತಡೆಯುವವರು ಬೇಕು, ಇಷ್ಟೆಲ್ಲ ಮಾಡಿಯೂ ಬಾಡಿಗೆ ಕಟ್ಟಲಾಗದೆ ಮುಚ್ಚಿದರೆ ಒಳಗಿದ್ದವರು ಏಟು ತಿಂದ ಮನೆಗೇ ವಾಪಸ್ ಹೋಗಬೇಕು.

1971ರಲ್ಲಿ ಲಂಡನ್ನಿನ ಚಿಸ್ವಿಕ್‌ನಲ್ಲಿ ಎರಿನ್ ಪಿಜ್ಜಿ ಶುರು ಮಾಡಿದ್ದು ಹೆಂಗಸರು ಸೇರಿ ಮಾತಾಡುವ ಒಂದು ಜಾಗ. ಗಂಡನಿಂದ ಏಟು ತಿಂದವರು ಬರತೊಡಗಿದರು, ಅವರಿಗೆ ಬೇರೆ ದಿಕ್ಕಿರಲಿಲ್ಲ, ಅದೇ ಆಶ್ರಯದ ಮನೆಯಾಯಿತು. ಯಾರನ್ನೂ ಆಚೆ ಕಳಿಸದೆ ಮಿತಿ ಮೀರಿ ತುಂಬಿಸಿಕೊಂಡಿದ್ದಕ್ಕೆ ಕೋರ್ಟ್ ಕೇಸೂ ಆಯಿತು. ಎಷ್ಟು ಜನ ಬರುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ, ಅದನ್ನು ನೆನಪಿಡಿ.

ನನ್ನ ಆಯ್ಕೆ ಕಾನೂನು ಸಲಹೆ. ಅದನ್ನೂ ಇನ್ನಷ್ಟು ಸಣ್ಣದು ಮಾಡಿ. ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಜೊತೆಗೆ ಹೋಗಿ ಪಕ್ಕದಲ್ಲಿ ಕೂರುವವರು ಬಹಳ ಜನಕ್ಕೆ ಇಲ್ಲ. ಈಗಾಗಲೇ ಈ ಕೆಲಸದಲ್ಲಿರುವವರನ್ನು ಹೋಗಿ ಕೇಳಿ, ಎಲ್ಲಿ ಕೈ ಸಾಲುತ್ತಿಲ್ಲ ಅಂತ. ಅವರು ತೋರಿಸಿದ ಜಾಗದಲ್ಲಿ ಕೈ ಜೋಡಿಸಿದರೆ, ಯಾರಿಗೆ ಗೊತ್ತು, ಹೊಸ ಸಂಸ್ಥೆಯೇ ಬೇಡ ಅನ್ನಿಸಬಹುದು!

ದುಡ್ಡಿನ ವಿಷಯ. ಪಂಡಿತಾ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಅನ್ನುವ ವಸತಿ ಶಾಲೆ ತೆರೆಯುವ ಮೊದಲು ಅಮೆರಿಕದಲ್ಲಿ ಊರೂರು ಸುತ್ತಿ ಭಾಷಣ ಮಾಡಿದ್ದರು. ಬಾಸ್ಟನ್ನಿನಲ್ಲಿ ಒಂದು ಸಂಘ ಹುಟ್ಟಿ, 10 ವರ್ಷ ಖರ್ಚು ನೋಡಿಕೊಳ್ಳುತ್ತೇವೆ ಅಂತ ಮಾತು ಕೊಟ್ಟಿತ್ತು. ನಿಮಗೆ ಅಷ್ಟು ಸಿಗಲಿಕ್ಕಿಲ್ಲ, ಒಂದು ವರ್ಷದ ಖರ್ಚಾದರೂ ಮೊದಲೇ ಕೈಯಲ್ಲಿರಲಿ.

ಸಂಸ್ಥೆಯನ್ನು ನೋಂದಾಯಿಸುವುದು ಟ್ರಸ್ಟ್ ಅಂತಲೋ ಸೊಸೈಟಿ ಅಂತಲೋ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ವಕೀಲರೂ ಆಡಿಟರೂ ಹೇಳಿಕೊಡುತ್ತಾರೆ. ಆದರೆ ಮೂವರೂ ಗೆಳತಿಯರೇ ಆದರೆ ತಪ್ಪಾದಾಗ ಬೇಡ ಅನ್ನುವವರು ಯಾರು? ಹೊರಗಿನ ಇಬ್ಬರನ್ನು ಸಮಿತಿಗೆ ತನ್ನಿ, ಅವರಲ್ಲಿ ಒಬ್ಬರು ಇಂಥ ಕಷ್ಟ ಉಂಡು ಹೊರಬಂದವರಾಗಿರಲಿ. ಚೆಕ್ಕಿಗೆ ಇಬ್ಬರ ಸಹಿ ಇರಲಿ.

ಹುಡುಗಿಯರ ಜೊತೆ ಕೆಲಸ ಮಾಡುವಾಗ ಒಂದು ಎಚ್ಚರ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ಮಗುವಿಗೆ ಅಪಾಯ ಇದೆ ಅಂತ ಗೊತ್ತಾದರೆ ಹೇಳಲೇಬೇಕಾಗುತ್ತದೆ. ಯಾರಿಗೆ, ಯಾಕೆ ಹೇಳಬೇಕಾಗಬಹುದು ಅನ್ನುವುದನ್ನು ಮೊದಲೇ ಅವಳಿಗೆ ತಿಳಿಸಿ.

ಪ್ರಶ್ನೆ: ನೆರವು ಪಡೆದವರ ಫೋಟೋ ಹಾಕದಿದ್ದರೆ ದಾನಿಗಳು ನಂಬುತ್ತಾರಾ?

ಉತ್ತರ: ಹಾಕಬೇಡಿ. ಮುಖ ಮಸುಕು ಮಾಡಿದರೂ ಬಟ್ಟೆ, ಪಕ್ಕದ ಮಗು, ಹಿಂದಿನ ಗೋಡೆ ನೋಡಿ ಗುರುತು ಹಿಡಿಯುವವರು ಇರುತ್ತಾರೆ. ಎಷ್ಟು ಜನ ಬಂದರು, ಯಾವುದಕ್ಕೆ ಎಷ್ಟು ಖರ್ಚಾಯಿತು, ಯಾವ ಕೆಲಸ ನಮ್ಮಿಂದ ಆಗಲಿಲ್ಲ ಅನ್ನುವುದನ್ನು ವರ್ಷಕ್ಕೊಮ್ಮೆ ಅಚ್ಚು ಹಾಕಿ ಕಳಿಸಿ. ಫೋಟೋಗೆ ನೆರವು ಪಡೆದವರೇ ಒಪ್ಪಿದ್ದಾರಲ್ಲ ಅಂತೀರಾ? ಕಷ್ಟಕಾಲದಲ್ಲಿ ಕೈ ಹಿಡಿದವರು ಕೇಳಿದರೆ ಯಾರು ತಾನೇ ಆಗಲ್ಲ ಅಂತಾರೆ?