ಮನುಷ್ಯಾಕೃತಿ ಬಿಡಿಸುವಾಗ ಗೆರೆಗೆ ಜೀವ ತುಂಬುವುದು ಹೇಗೆ?

ಅಳತೆ ಸರಿಯಿದ್ದರೂ ಚಿತ್ರ ಸಪ್ಪೆಯಾಗಿದ್ದರೆ, ಸಾಮಾನ್ಯವಾಗಿ ಎಲ್ಲ ಗೆರೆಗಳ ಮೇಲೂ ಒಂದೇ ಒತ್ತಡ ಬಿದ್ದಿರುತ್ತದೆ. ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್ 1933ರಲ್ಲಿ ಇದ್ದಿಲಿನಲ್ಲಿ ಬರೆದ ಸ್ವಚಿತ್ರವನ್ನು ನೋಡಿ. ಅದರಲ್ಲಿ ಅವರು ಚಿತ್ರ ಬಿಡಿಸುತ್ತಿದ್ದಾರೆ. ಮುಖ ಮತ್ತು ಕೈಯನ್ನು ನಿಗಾವಹಿಸಿ ತಿದ್ದಿದ್ದಾರೆ. ನಡುವಿನ ತೋಳು ಮಾತ್ರ ರಭಸದಿಂದ ಎಳೆದ ಅಂಕುಡೊಂಕು ಗೀಟುಗಳು. ತೋಳಿನ ಆಕಾರಕ್ಕಿಂತ ಅದರ ಬಲವೇ ಕಾಣುತ್ತದೆ. ಎಷ್ಟು ನೋಡಿದರೂ ನನಗೆ ತಣಿಯದ ಭಾಗ ಅದು.

ನೀವೂ ಭಾರ ಹೊತ್ತ ಕಾಲಿಗೆ ಒತ್ತಿ ಎಳೆಯಿರಿ, ಸಡಿಲ ಬಿಟ್ಟ ಕಾಲಿಗೆ ಹಗುರವಾಗಿ. ಮಣಿಕಟ್ಟಿನಿಂದಲ್ಲ, ಭುಜದಿಂದ ಕೈಯಾಡಿಸಿ. ನಮ್ಮ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಲಯವನ್ನು ಅರಿಯಲು ಕಥಕ್ ನೃತ್ಯ ಕಲಿತವರು. ಅವರ ನರ್ತಕಿಯರ ರೇಖಾಚಿತ್ರಗಳನ್ನೂ ತಪ್ಪದೆ ನೋಡಿ. ಒಂದೆರಡು ನಿಮಿಷದ ಭಂಗಿಗಳನ್ನು ಬಿಡಿಸುವಾಗ ರಬ್ಬರ್ ಮುಟ್ಟಲೇಬೇಡಿ.