25 ಜನರ ಕಚೇರಿಗೆ ಎಕ್ಸ್‌ಚೇಂಜ್ ಬದಲು ಯಾವ ಇಮೇಲ್ ಸರ್ವರ್ ಒಳ್ಳೆಯದು?

ನಿಮ್ಮ ಪ್ರಶ್ನೆ ಇಷ್ಟು: ಬೆಳಗಾವಿಯಲ್ಲಿ 25 ಜನರ ಮಶಿನ್ ಶಾಪ್, ಆಫೀಸಿನಲ್ಲೇ ಇಟ್ಟಿರುವ ಎಕ್ಸ್‌ಚೇಂಜ್ 2016 ಸರ್ವರ್, ಅದಕ್ಕೀಗ ಮೈಕ್ರೋಸಾಫ್ಟ್ ಬೆಂಬಲ ಇಲ್ಲ. ಲೈಸೆನ್ಸ್ ದುಡ್ಡಿಲ್ಲದ ಲಿನಕ್ಸ್ ಸರ್ವರ್ ಹಾಕಿಕೊಳ್ಳಬಹುದೇ, ಇಲ್ಲ ತಲೆಗಿಷ್ಟು ಅಂತ ದುಡ್ಡು ಕಟ್ಟುವ ಸೇವೆಗೆ ಹೋಗಬೇಕೇ? ನಾನು ಹುಬ್ಬಳ್ಳಿ ಕಡೆಯ ಸಣ್ಣ ಕಾರ್ಖಾನೆಗಳ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವವನು. ನಿಮ್ಮಂಥ ಕಚೇರಿಗೆ ನಾನು ಹೇಳುವುದು ಒಂದೇ: ಮೇಲ್‌ಬಾಕ್ಸ್ ಬಾಡಿಗೆಗೆ ತಗೊಳ್ಳಿ, ಡೊಮೇನ್ (ಮೇಲ್ ವಿಳಾಸದಲ್ಲಿ @ ನಂತರ ಬರುವ ನಿಮ್ಮ ಹೆಸರು) ಮಾತ್ರ ಯಾರ ಕೈಗೂ ಕೊಡಬೇಡಿ. ಸ್ವಂತ ಸರ್ವರ್ ಬೇಕೇ ಬೇಕು ಅನ್ನುವವರಿಗೂ ದಾರಿ ಇದೆ, ಅದನ್ನೂ ಬರೆಯುತ್ತೇನೆ.

ಮೊದಲು ಅವಸರದ ಮಾತು. ಎಕ್ಸ್‌ಚೇಂಜ್ 2016 ಮತ್ತು 2019 ಎರಡಕ್ಕೂ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ಕ್ಕೆ. 2021ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜ್‌ನಲ್ಲಿ ದೊಡ್ಡ ಲೋಪಗಳು ಹೊರಬಿದ್ದಾಗ ಜಗತ್ತಿನ ತುಂಬ ಸಾವಿರಾರು ಸರ್ವರ್‌ಗಳಿಗೆ ದಾಳಿಕೋರರು ನುಗ್ಗಿದ್ದರು. ಆಗ ಲೋಪ ಮುಚ್ಚುವ ಪ್ಯಾಚ್ ಆದರೂ ಬಂತು. ಬೆಂಬಲ ನಿಂತ ಸರ್ವರ್‌ಗೆ ಮುಂದಿನ ಸಲ ಅದೂ ಬರುತ್ತದೆ ಎಂಬ ಖಾತ್ರಿ ಇಲ್ಲ. ಹಾಗಾಗಿ ನಿಮ್ಮ ಸರ್ವರ್‌ನ ವೆಬ್‌ಮೇಲ್ ಹೊರಗಿನಿಂದ ತೆರೆಯುವಂತಿದ್ದರೆ, ಹೊಸದನ್ನು ಆರಿಸುವ ಮೊದಲೇ ಅದನ್ನು ಫೈರ್‌ವಾಲ್‌ನಲ್ಲಿ ಮುಚ್ಚಿಸಿ. ಹೊರಗೆ ಓಡಾಡುವವರು ಕೆಲ ದಿನ ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿ) ಮೂಲಕ ನೋಡಿಕೊಳ್ಳಲಿ.

ಎಕ್ಸ್‌ಚೇಂಜ್‌ನ ಹೊಸ ಚಂದಾ ಆವೃತ್ತಿ ನಿಮಗಲ್ಲ. 2016ರಿಂದ ಅದಕ್ಕೆ ನೇರವಾಗಿ ಏರಲು ಬರುವುದಿಲ್ಲ, ಪಕ್ಕದಲ್ಲಿ ಹೊಸ ಸರ್ವರ್ ಕಟ್ಟಿ ಮೇಲ್‌ಬಾಕ್ಸ್‌ಗಳನ್ನು ಸಾಗಿಸಬೇಕು. ಮೇಲ್‌ಬಾಕ್ಸ್ ಸರ್ವರ್‌ಗೆ ಮೈಕ್ರೋಸಾಫ್ಟ್ ಶಿಫಾರಸು ಮಾಡುವ ಮೆಮೊರಿಯೇ 128 ಜಿಬಿ. 25 ಜನರಿಗೆ ಇಷ್ಟು ಯಾಕೆ?

ಇನ್ನು ಲಿನಕ್ಸ್. ತಂತ್ರಾಂಶದಲ್ಲಿ ಕೊರತೆ ಇಲ್ಲ. ಮೇಲ್ ಸಾಗಿಸಲು ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ತೆರೆದು ಕೊಡಲು ಡವ್‌ಕಾಟ್, ಕಸ ಸೋಸಲು ಆರ್‌ಸ್ಪ್ಯಾಮ್‌ಡಿ. ಇವುಗಳ ಮೇಲೆ ದೊಡ್ಡ ದೊಡ್ಡ ಸಂಸ್ಥೆಗಳ ಮೇಲ್ ವರ್ಷಗಟ್ಟಲೆ ಓಡಿದೆ. ಇವನ್ನು ಒಂದೊಂದಾಗಿ ಜೋಡಿಸುವ ಕಷ್ಟ ಬೇಡವೆಂದರೆ ಎಲ್ಲವನ್ನೂ ಸೇರಿಸಿ ಕೊಡುವ ಮೇಲ್‌ಕೌ ಇದೆ, ಐರೆಡ್‌ಮೇಲ್ ಇದೆ. ನನಗೆ ಮೇಲ್‌ಕೌ ಹಿಡಿಸುತ್ತದೆ. ಕ್ಯಾಲೆಂಡರ್, ಸಂಪರ್ಕಗಳ ಪಟ್ಟಿ, ವೆಬ್‌ಮೇಲ್ ಎಲ್ಲ ಜೊತೆಗೇ ಬರುತ್ತವೆ, ಆಡಳಿತದ ಪರದೆಯೂ ಚೊಕ್ಕಟವಾಗಿದೆ. ಕನಿಷ್ಠ 6 ಜಿಬಿ ಮೆಮೊರಿ ಕೇಳುತ್ತದೆ. ಹಳೆಯ ಸಲಹೆಗಳಲ್ಲಿ ಸಿಗುವ ಎರಡು ಹೆಸರುಗಳ ಬಗ್ಗೆ ಮಾತ್ರ ಎಚ್ಚರ. ಜಿಂಬ್ರಾದ ಉಚಿತ ಆವೃತ್ತಿ 8.8.15ರ ಆಯುಷ್ಯ 2023ರ ಕೊನೆಗೇ ಮುಗಿದಿದೆ, ಅದರ ನಂತರದ ಆವೃತ್ತಿಗಳನ್ನು ಕಂಪನಿ ಸಿದ್ಧ ಉಚಿತ ಪ್ಯಾಕೇಜಾಗಿ ಕೊಡುತ್ತಿಲ್ಲ. ವಿಂಡೋಸ್‌ನಲ್ಲಿ ಓಡುವ ಎಚ್‌ಮೇಲ್‌ಸರ್ವರ್‌ನ ಅಭಿವೃದ್ಧಿ ನಿಂತಿದೆ. ಬೆಂಬಲ ಮುಗಿದದ್ದನ್ನು ಬಿಟ್ಟು ಬೆಂಬಲ ಮುಗಿದ ಇನ್ನೊಂದಕ್ಕೆ ಹೋಗಬೇಡಿ.

ಇಲ್ಲಿ ಯಾರೂ ಮೊದಲೇ ಹೇಳದ ವಿಷಯ ಒಂದಿದೆ. ಸ್ವಂತ ಸರ್ವರ್‌ನಲ್ಲಿ ಮೇಲ್ ಬರಮಾಡಿಕೊಳ್ಳುವುದು ಸುಲಭ, ನೀವು ಕಳಿಸಿದ್ದು ಎದುರಿನವರ ಇನ್‌ಬಾಕ್ಸ್‌ಗೆ ಬೀಳುವಂತೆ ಮಾಡುವುದೇ ಕಷ್ಟ. ಮೇಲ್ ಸರ್ವರ್‌ಗಳು ಒಂದಕ್ಕೊಂದು ಮಾತಾಡುವುದು ಪೋರ್ಟ್ 25ರಲ್ಲಿ. ಸರ್ವರನ್ನು ಬಾಡಿಗೆ ಕ್ಲೌಡ್‌ನಲ್ಲಿ ಇಡೋಣ ಅಂದರೆ, ಗೂಗಲ್ ಕ್ಲೌಡ್‌ನಲ್ಲಿ ಹೊರಹೋಗುವ ಪೋರ್ಟ್ 25 ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಅಮೆಜಾನ್‌ನಲ್ಲಿ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು. ಸರಿ, ಆಫೀಸಿನ ಬ್ರಾಡ್‌ಬ್ಯಾಂಡ್‌ನಿಂದಲೇ ಕಳಿಸೋಣ ಅಂದರೆ, ಬದಲಾಗುತ್ತಿರುವ ಐಪಿ ವಿಳಾಸಗಳು (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ಸಂಖ್ಯೆ) ಸಾಮಾನ್ಯವಾಗಿ ಕಸ ಮೇಲ್ ತಡೆಯುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಎಂಬ ತಡೆ ಪಟ್ಟಿಯಲ್ಲಿರುತ್ತವೆ, ಅಲ್ಲಿಂದ ಬಂದ ಮೇಲನ್ನು ಬಹಳಷ್ಟು ಸರ್ವರ್‌ಗಳು ಬಾಗಿಲಲ್ಲೇ ತಡೆಯುತ್ತವೆ. ಸ್ಥಿರ ಐಪಿ ಕೊಂಡರೂ ಮುಗಿಯಲಿಲ್ಲ. ಆ ಐಪಿಗೆ ನಿಮ್ಮ ಸರ್ವರ್‌ನ ಹೆಸರು ಹೇಳುವ ಪಿಟಿಆರ್ ದಾಖಲೆ ಬೇಕು, ಅದನ್ನು ಇಂಟರ್ನೆಟ್ ಕೊಟ್ಟ ಕಂಪನಿಯೇ ಹಾಕಿಕೊಡಬೇಕು. ಅಲ್ಲಿ ಫೋನ್ ಎತ್ತಿದವರಿಗೆ ಪಿಟಿಆರ್ ಎಂದರೇನು ಅಂತ ವಿವರಿಸುವುದರಲ್ಲೇ ವಾರ ಕಳೆದದ್ದನ್ನು ನೋಡಿದ್ದೇನೆ.

ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿವೆ. ಜಿಮೇಲ್‌ಗೆ ಕಳಿಸುವ ಯಾರೇ ಆಗಲಿ ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಕಳಿಸಬಹುದು ಎಂಬ ಪಟ್ಟಿ) ಅಥವಾ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ), ಪಿಟಿಆರ್, ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದಂತೆ ಮಾಡುವ ಗೂಢಲಿಪಿ) ಇಟ್ಟುಕೊಂಡಿರಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್ ಎರಡೂ ಬೇಕು, ಡಿಮಾರ್ಕ್ ಕೂಡ (ಈ ಪರೀಕ್ಷೆಯಲ್ಲಿ ಬಿದ್ದ ಮೇಲನ್ನು ಏನು ಮಾಡಬೇಕು ಎಂಬ ನಿಮ್ಮ ಸೂಚನೆ). ಇಷ್ಟನ್ನೆಲ್ಲ ಸರಿಯಾಗಿ ಹಾಕಿದ ಮೇಲೂ ಹೊಸ ಐಪಿಗೆ ಒಳ್ಳೆಯ ಹೆಸರು ಬರಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ನಿಮ್ಮ ಕೊಟೇಶನ್ ಗಿರಾಕಿಯ ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿ ಕೂತರೆ, ಅದು ವಾಪಸ್ ಬರುವುದಿಲ್ಲ, ನಿಮಗೆ ಸುದ್ದಿಯೂ ಸಿಗುವುದಿಲ್ಲ. ಗಿರಾಕಿ ಬೇರೆಯವರಿಗೆ ಆರ್ಡರ್ ಕೊಟ್ಟಿರುತ್ತಾನೆ. ಸಣ್ಣ ಕಾರ್ಖಾನೆಗೆ ಇದೇ ಎಲ್ಲಕ್ಕಿಂತ ದೊಡ್ಡ ನಷ್ಟ. ಲೈಸೆನ್ಸ್ ಉಳಿತಾಯದ ಲೆಕ್ಕ ಹಾಕುವವರು ಇದನ್ನು ಸೇರಿಸುವುದೇ ಇಲ್ಲ.

ಆದರೂ ನಮ್ಮ ಡ್ರಾಯಿಂಗ್‌ಗಳು ಹೊರಗಿನ ಕಂಪ್ಯೂಟರ್‌ನಲ್ಲಿ ಇರಕೂಡದು ಅಂತ ಗಿರಾಕಿಯ ಕರಾರೇ ಇದ್ದರೆ? ಆಗ ಮೇಲ್‌ಕೌ ಹಾಕಿ, ಬರುವ ಮೇಲನ್ನು ನೀವೇ ಇಟ್ಟುಕೊಳ್ಳಿ, ಹೋಗುವ ಮೇಲನ್ನು ಮಾತ್ರ ರಿಲೇ ಸೇವೆಯ (ನಿಮ್ಮ ಪರವಾಗಿ ಮೇಲ್ ತಲುಪಿಸುವ ಕಂಪನಿ) ಮೂಲಕ ಕಳಿಸಿ. ಅಂಥ ಒಂದು ಸೇವೆಯಾದ ಅಮೆಜಾನ್ ಎಸ್‌ಇಎಸ್‌ನ ದರ 1,000 ಮೇಲ್‌ಗೆ 10 ಸೆಂಟ್, ಲಗತ್ತುಗಳಿಗೆ ಸ್ವಲ್ಪ ಬೇರೆ. ಹೋಗುವ ಮೇಲ್ ಅವರ ಸರ್ವರ್ ದಾಟಿಯೇ ಹೋಗುತ್ತದೆ, ಆದ್ದರಿಂದ ಕರಾರು ಇದನ್ನೂ ಒಪ್ಪುತ್ತದೆಯೇ ಓದಿ ನೋಡಿ. ಈ ದಾರಿಗೂ ಬ್ಯಾಕಪ್ ನೋಡುವ, ಅಪ್‌ಡೇಟ್ ಹಾಕುವ, ಭಾನುವಾರ ರಾತ್ರಿ ಡಿಸ್ಕ್ ತುಂಬಿದರೆ ಎದ್ದು ಬರುವ ಮನುಷ್ಯ ಬೇಕು. ಅಂಥವರು ನಿಮ್ಮಲ್ಲಿ ಇದ್ದಾರೆಯೇ? ಅಕೌಂಟ್ಸ್ ನೋಡಿಕೊಳ್ಳುವ ಹುಡುಗನಿಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತದೆ ಅನ್ನುವುದು ಇದಕ್ಕೆ ಉತ್ತರವಲ್ಲ.

ಬಾಡಿಗೆ ಸೇವೆಗಳಲ್ಲಿ ನಿಮ್ಮ ಅಳತೆಗೆ ಹೊಂದುವಂಥವು ಮೂರು: ಮೈಕ್ರೋಸಾಫ್ಟ್ 365, ಗೂಗಲ್ ವರ್ಕ್‌ಸ್ಪೇಸ್, ಚೆನ್ನೈನ ಜೋಹೋ. ಕಚೇರಿ ಪೂರ್ತಿ ಔಟ್‌ಲುಕ್‌ಗೆ ಒಗ್ಗಿದ್ದು, ಎಕ್ಸೆಲ್ ಲೈಸೆನ್ಸ್ ಕೂಡ ಕೊಳ್ಳಬೇಕಿದ್ದರೆ ಮೈಕ್ರೋಸಾಫ್ಟ್ ಸರಿ. ಮೇಲ್ ಒಂದೇ ಸಾಕು ಅಂದರೆ ಜೋಹೋ ಮೇಲ್ ಅಗ್ಗ, ಬಿಲ್ ರೂಪಾಯಿಯಲ್ಲೇ ಬರುತ್ತದೆ, ಮೆಷಿನ್ ಶಾಪ್‌ಗೆ ಏನೂ ಕಡಿಮೆ ಬೀಳುವುದಿಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಅದನ್ನೇ ಮೊದಲು ನೋಡುತ್ತೇನೆ. ಇನ್ನೊಂದು, 25 ಜನ ಅಂದರೆ 25 ಮೇಲ್‌ಬಾಕ್ಸ್ ಅಂತ ಲೆಕ್ಕ ಹಾಕಬೇಡಿ. ಸೇಲ್ಸ್, ಅಕೌಂಟ್ಸ್, ಸ್ಟೋರ್ಸ್ ಹೆಸರಿನ ವಿಳಾಸಗಳನ್ನು ಗುಂಪು ವಿಳಾಸವಾಗಿ ಮಾಡಿದರೆ ಅವಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ. ಶಾಪ್ ಫ್ಲೋರ್‌ನಲ್ಲಿ ಮೇಲ್ ತೆರೆಯದವರಿಗೆ ಮೇಲ್‌ಬಾಕ್ಸ್ ಬೇಡ.

ದುಡ್ಡು ಕಟ್ಟುವ ಮುಂಚೆ ಹಳೆಯ ಸ್ಕ್ಯಾನರ್, ಬಿಲ್ಲಿಂಗ್ ತಂತ್ರಾಂಶ, ಹಾಜರಿ ಯಂತ್ರ, ಮೇಲ್ ಕಳಿಸುವ ಇಂಥವೆಲ್ಲ ಪಟ್ಟಿ ಮಾಡಿ. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬರುವ ಹಳೆಯ ಪದ್ಧತಿಯನ್ನು ದೊಡ್ಡ ಸೇವೆಗಳು ಒಂದೊಂದಾಗಿ ಮುಚ್ಚುತ್ತಿವೆ. ಈ ಯಂತ್ರಗಳಿಗೆ ಆಪ್ ಪಾಸ್‌ವರ್ಡ್ (ಆ ಒಂದು ಯಂತ್ರಕ್ಕೆ ಮಾತ್ರ ಕೊಡುವ ಬೇರೆ ಪಾಸ್‌ವರ್ಡ್) ಅಥವಾ ರಿಲೇ ಬೇಕಾಗಬಹುದು.

ಡೊಮೇನ್ ಬಗ್ಗೆ ಒತ್ತಿ ಹೇಳಲು ಕಾರಣವಿದೆ. ನಮ್ಮ ಕಡೆಯ ಒಂದು ಫ್ಯಾಕ್ಟರಿಯ ಡೊಮೇನನ್ನು ವೆಬ್‌ಸೈಟ್ ಮಾಡಿಕೊಟ್ಟಾತ ತನ್ನ ಹೆಸರಲ್ಲೇ ನೋಂದಾಯಿಸಿದ್ದ. ನವೀಕರಣ ತಪ್ಪಿತು, ಆತನ ಫೋನ್ ಸ್ವಿಚ್ ಆಫ್, ಇಡೀ ಕಾರ್ಖಾನೆಯ ಮೇಲ್ ಬಂದ್. ಸರ್ವರ್ ಎಷ್ಟು ಚೆನ್ನಾಗಿದ್ದರೂ ಆಗ ಉಪಯೋಗಕ್ಕೆ ಬರಲಿಲ್ಲ. ಡೊಮೇನ್ ನಿಮ್ಮ ಸಂಸ್ಥೆಯ ಹೆಸರಲ್ಲಿರಲಿ, ಅದರ ಲಾಗಿನ್‌ಗೆ ಕೊಟ್ಟ ವಿಳಾಸ ಅದೇ ಡೊಮೇನ್‌ನದ್ದಾಗಿರದಿರಲಿ. ಆಗ ಸೇವೆ ಹಿಡಿಸದಿದ್ದರೆ ಎಂಎಕ್ಸ್ ದಾಖಲೆ (ನಿಮ್ಮ ಮೇಲ್ ಯಾವ ಸರ್ವರ್‌ಗೆ ಬರಬೇಕು ಎಂದು ಹೇಳುವುದು) ಬದಲಿಸಿ ಬೇರೆ ಕಡೆ ಹೋಗಬಹುದು, ಹಳೆಯ ಮೇಲನ್ನು ಐಮ್ಯಾಪ್‌ಸಿಂಕ್ ಎಂಬ ನಕಲು ತಂತ್ರಾಂಶದಿಂದ ಹೊತ್ತುಕೊಂಡು ಹೋಗಬಹುದು. ಯಾವ ಸೇವೆ ಐಮ್ಯಾಪ್ (ಬೇರೆ ತಂತ್ರಾಂಶದಿಂದ ಮೇಲ್‌ಬಾಕ್ಸ್ ತೆರೆಯುವ ಪದ್ಧತಿ) ಕೊಡುವುದಿಲ್ಲವೋ ಅದು ಎಷ್ಟೇ ಅಗ್ಗವಾದರೂ ಬೇಡ. ಕೆಲವು ಉಚಿತ ಯೋಜನೆಗಳಲ್ಲಿ ಈ ಸೌಲಭ್ಯವನ್ನೇ ತೆಗೆದಿರುತ್ತಾರೆ, ನೋಡಿಕೊಳ್ಳಿ.

ಬದಲಾಯಿಸುವ ದಿನಕ್ಕೆ ಒಂದೆರಡು ದಿನ ಮೊದಲು ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ದಾಖಲೆಗಳಿರುವ ಕಡೆ) ಟಿಟಿಎಲ್ (ಹಳೆಯ ದಾಖಲೆಯನ್ನು ಬೇರೆ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಸಮಯ) 300 ಸೆಕೆಂಡಿಗೆ ಇಳಿಸಿ. ಹಳೆಯ ಮೇಲಿನ ನಕಲು ಮೊದಲೇ ನಡೆದಿರಲಿ, ಶನಿವಾರ ಸಂಜೆ ಎಂಎಕ್ಸ್ ಬದಲಿಸಿ, ಉಳಿದದ್ದನ್ನು ಭಾನುವಾರ ಎಳೆದುಕೊಳ್ಳಿ. ಡೊಮೇನ್‌ಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಹಳೆಯದನ್ನು ಅಳಿಸದೆ ಹೊಸದನ್ನು ಸೇರಿಸಿದರೆ ಎರಡೂ ಕೆಡುತ್ತವೆ. ಡಿಮಾರ್ಕ್ ಅನ್ನು ಮೊದಲು ಬರೀ ವರದಿ ತರಿಸುವ ಮಟ್ಟದಲ್ಲಿಟ್ಟು, ನಿಮ್ಮ ಹೆಸರಲ್ಲಿ ಯಾರ್ಯಾರು ಕಳಿಸುತ್ತಿದ್ದಾರೆ ಎಂದು ನೋಡಿ, ಆಮೇಲೆ ಬಿಗಿ ಮಾಡಿ.

ಹೊಸ ಮೇಲ್‌ಬಾಕ್ಸ್ ಕೊಡುವ ದಿನವೇ ಎಲ್ಲರಿಗೂ ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿ. ಅಕೌಂಟ್ಸ್‌ನವರ ಮೇಲ್‌ಗೆ ಕಳ್ಳರು ನುಗ್ಗಿ, ಸದ್ದಿಲ್ಲದೆ ಹೊರಗಿನ ವಿಳಾಸಕ್ಕೆ ಫಾರ್ವರ್ಡ್ ನಿಯಮ ಹಾಕಿ, ಸರಿಯಾದ ಹೊತ್ತಿಗೆ ಬ್ಯಾಂಕ್ ಖಾತೆ ಬದಲಾಗಿದೆ ಅಂತ ಗಿರಾಕಿಗೆ ಬರೆಯುವ ಮೋಸ ಸಣ್ಣ ಉದ್ಯಮಗಳನ್ನೇ ಹುಡುಕಿಕೊಂಡು ಬರುತ್ತದೆ. ಹೊರಗಿನ ಸ್ವಯಂ ಫಾರ್ವರ್ಡ್ ಅನ್ನು ಆಡಳಿತದ ಪರದೆಯಲ್ಲೇ ನಿಲ್ಲಿಸಬಹುದು. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ತಡೆಹಿಡಿಯುವುದು ಕಷ್ಟ.

ನಿಮ್ಮ ಮೇಲ್‌ಬಾಕ್ಸ್‌ಗಳ ಒಟ್ಟು ಗಾತ್ರ ಎಷ್ಟು, ಡೊಮೇನ್ ಯಾರ ಹೆಸರಲ್ಲಿದೆ, ಮೇಲ್ ಕಳಿಸುವ ಯಂತ್ರಗಳು ಯಾವುವು, ಇಷ್ಟನ್ನು ಕಾಮೆಂಟ್‌ನಲ್ಲಿ ಬರೆದರೆ ಯಾವ ಯೋಜನೆ ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.